ಐದನೆಯ ನುಡಿಯ ವ್ಯಾಕರಣ



ನಮ್ಮಂತಹ ಹಳ್ಳಿಯ ಶಾಲೆಗಳಿಗೆ ಹೆತ್ತವರು ತಾವಾಗಿ ಬರುವುದು ಬಹುಮಟ್ಟಿಗೆ ಎರಡೇ ಸಂದರ್ಭಗಳಲ್ಲಿ: ಮಗುವನ್ನು ಸೇರಿಸುವಾಗ ಮತ್ತು ಬಿಡಿಸುವಾಗ. ಕಳೆದ ಆಗಸ್ಟ್ ತಿಂಗಳ ಒಂದು ಮಳೆಯ ಮಧ್ಯಾಹ್ನ ನಮ್ಮ ಕೊಠಡಿಯ ಬಾಗಿಲಲ್ಲಿ ಕೊಡೆ ಮಡಚಿ ನಿಂತ ತಾಯಿ ಎರಡನೆಯ ಕಾರಣಕ್ಕೆ ಬಂದವರಾಗಿದ್ದರು. ಬೀಡಿ ಕಟ್ಟಿ ಇಬ್ಬರು ಮಕ್ಕಳನ್ನು ಓದಿಸುತ್ತಿರುವ ಹೆಂಗಸು. ಮಗ ನಮ್ಮಲ್ಲಿ ನಾಲ್ಕನೆಯ ತರಗತಿಯಲ್ಲಿದ್ದಾನೆ.

“ಮಾಷ್ಟ್ರೇ, ಬರುವ ಜೂನಿಗೆ ಇವನನ್ನು ಇಂಗ್ಲಿಷ್ ಮೀಡಿಯಮ್ಮಿಗೆ ಹಾಕುವುದು ಅಂತ ಮಾಡಿದ್ದೇನೆ. ನೀವು ಬೇಸರ ಮಾಡಬಾರದು. ಅಕ್ಕನಿಗೆ ಆದದ್ದು ಇವನಿಗೆ ಆಗುವುದು ಬೇಡ” ಎಂದರು.

ಅಕ್ಕನೂ ನಮ್ಮ ಶಾಲೆಯಲ್ಲಿ ಕಲಿತವಳೇ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಒಳ್ಳೆಯ ಅಂಕಗಳೊಂದಿಗೆ ಪ್ಲಸ್ ವನ್ ವಿಜ್ಞಾನ ವಿಭಾಗಕ್ಕೆ ಸೇರಿದ್ದಳು. ಅಲ್ಲಿ ಪುಸ್ತಕ ಇಂಗ್ಲಿಷಿನದು, ವಿವರಣೆ ಹೆಚ್ಚಾಗಿ ಮಲಯಾಳದ್ದು. ಅದನ್ನಾದರೂ ಸಹಿಸಿಕೊಂಡು ನಡೆಯುತ್ತಿತ್ತು. ಒಂದು ದಿನ ಅಧ್ಯಾಪಕರು ರೆಕಾರ್ಡ್ ಪುಸ್ತಕ ಕೇಳಿದಾಗ ಇವಳು ಎದ್ದು ನಿಂತು ‘ಐ ಹ್ಯಾವ್ ಸಬ್ಮಿಟೆಡ್ ಇಟ್ ಯೆಸ್ಟರ್‌ಡೇ’ ಎಂದಳಂತೆ. ಹಿಂದಿನ ಬೆಂಚಿನಿಂದ ಯಾರೋ ನಕ್ಕರು. ನಗು ತರಗತಿಯೆಲ್ಲ ಹಬ್ಬಿತು. ಅಂದಿನಿಂದ ಹುಡುಗಿ ತರಗತಿಯಲ್ಲಿ ಬಾಯಿ ತೆರೆದಿಲ್ಲ. ಸಂಶಯ ಬಂದರೆ ಕೇಳುವುದಿಲ್ಲ. ಉತ್ತರ ಗೊತ್ತಿದ್ದರೂ ಹೇಳುವುದಿಲ್ಲ.

ನಮ್ಮಂತಹ ಶಾಲೆಯಲ್ಲಿ ಒಬ್ಬ ಹುಡುಗ ಹೋದರೆ ಲೆಕ್ಕದಲ್ಲಿ ಒಂದು ತಲೆ ಕಡಿಮೆ. ತಲೆಗಳು ಕಡಿಮೆಯಾದಂತೆ ಅಧ್ಯಾಪಕರ ಹುದ್ದೆಗಳೂ ಹೋಗುತ್ತವೆ. ಆದಕಾರಣ ನಾವು ಆ ತಾಯಿಗೆ ಹೇಳುವ ಯಾವ ಬುದ್ಧಿಮಾತೂ ಸ್ವಾರ್ಥದ ಸೋಂಕಿಲ್ಲದ್ದು ಎಂದು ಹೇಳಿಕೊಳ್ಳಲಾರೆವು. ಆದುದರಿಂದ ಮಗನ ವಿಷಯವನ್ನು ಅಲ್ಲಿಗೇ ಬಿಟ್ಟು, “ಮಗಳನ್ನು ಸಂಜೆ ನಮ್ಮ ಮನೆಗೆ ಕಳುಹಿಸಿ, ನೋಡೋಣ” ಎಂದಷ್ಟೇ ಹೇಳಿದೆವು.

ಹುಡುಗಿ ಬಂದಳು. ಜೊತೆಗೆ ಒಂದು ವ್ಯಾಕರಣ ಪುಸ್ತಕವನ್ನೂ ತಂದಿದ್ದಳು. ತೆರೆದು ನೋಡಿದರೆ ಬಿಟ್ಟ ಸ್ಥಳಗಳನ್ನೆಲ್ಲ ಪೆನ್ಸಿಲಿನಿಂದ ತುಂಬಿದ್ದಾಳೆ, ಹೆಚ್ಚುಕಡಿಮೆ ಎಲ್ಲವೂ ಸರಿ! ಪೂರ್ಣ ವರ್ತಮಾನಕಾಲದ ನಿಯಮವನ್ನು ಕೇಳಿದರೆ ಗಿಳಿಯಂತೆ ಒಪ್ಪಿಸಿದಳು. ಅದೇ ಹುಡುಗಿ “ನಿನ್ನೆ ಏನು ಮಾಡಿದೆ, ಇಂಗ್ಲಿಷಿನಲ್ಲಿ ಹೇಳು” ಎಂದಾಗ ಮೊದಲ ವಾಕ್ಯದಲ್ಲೇ ಎಡವಿದಳು. ಮಧ್ಯಮ ಹಂತದ ಕಲಿಕೆಯೆಂದರೆ ಇದೇ. ನಿಯಮ ತಲೆಯಲ್ಲಿದೆ, ನಾಲಗೆಗೆ ಇಳಿದಿಲ್ಲ. ಇಂತಹವರಿಗೆ ಇನ್ನಷ್ಟು ನಿಯಮ ಹೇಳಿಕೊಟ್ಟರೆ ತುಂಬಿದ ಕೊಡಕ್ಕೆ ನೀರು ಹೊಯ್ದಂತೆಯೇ ಸರಿ. ಇದು ಗೊತ್ತಿದ್ದೂ ನಾವು ಮೊದಲ ಮೂರು ವಾರ ಅದನ್ನೇ ಮಾಡಿದೆವು. ಹನ್ನೆರಡು ಕಾಲರೂಪಗಳ ಪಟ್ಟಿಯನ್ನು ಗೋಡೆಗೆ ಅಂಟಿಸಿ, ಪ್ರತಿ ತಪ್ಪಿಗೂ ಕೆಂಪು ಗೆರೆ ಎಳೆದೆವು. ಹುಡುಗಿಯ ತಲೆ ಇನ್ನಷ್ಟು ಬಾಗಿತು.

ದಾರಿ ತೋರಿಸಿದವನು ಅವಳ ತಮ್ಮ. ಒಂದು ಸಂಜೆ ಅಂಗಳಕ್ಕೆ ಓಡಿಬಂದು ಅಕ್ಕನಿಗೆ ತುಳುವಿನಲ್ಲಿ ಕೂಗಿದ: “ಮಾಮ ಬೈದೆರ್!” ಮುಂಬಯಿಯಿಂದ ಸೋದರಮಾವ ಬಂದಿದ್ದಾರೆಂದು ಸಂಭ್ರಮ. ಅವರು ಮೊದಲು ಇಳಿದದ್ದು ಕುಂಬಳೆಯ ದೊಡ್ಡಮ್ಮನ ಮನೆಯಲ್ಲೆಂದು ಆಮೇಲೆ ತಿಳಿಯಿತು. ಅಕ್ಕ ಕೇಳಿದಳು: “ಏಪ ಬತ್ತೆರ್?” ತಮ್ಮನ ಉತ್ತರ: “ಕೋಡೆ ಬತ್ತೆರ್.”

ನಾವು ಕುಳಿತಲ್ಲೇ ಬೆರಗಾದೆವು. ಸುದ್ದಿ ಹೇಳುವಾಗ ‘ಬೈದೆರ್’. ಯಾವಾಗ ಎಂದು ಕೇಳಿದೊಡನೆ, ಯಾರೂ ಕಲಿಸದೆಯೇ, ‘ಬತ್ತೆರ್’. ಇಂಗ್ಲಿಷಿನಲ್ಲಿಯೂ ನಡೆಯುವುದು ಇದೇ ಅಲ್ಲವೇ? ‘ಅಂಕಲ್ ಹ್ಯಾಸ್ ಕಮ್.’ ‘ವೆನ್ ಡಿಡ್ ಹಿ ಕಮ್?’ ‘ಹಿ ಕೇಮ್ ಯೆಸ್ಟರ್‌ಡೇ.’ ಬಂದು ಈಗ ಇಲ್ಲಿದ್ದಾನೆ ಎಂಬುದಕ್ಕೆ ಒಂದು ರೂಪ. ಇಂತಹ ಹೊತ್ತಿಗೆ ಬಂದ ಎಂಬುದಕ್ಕೆ ಇನ್ನೊಂದು ರೂಪ. ತುಳುವಿನಲ್ಲಿ ‘ಯಾನ್ ತೂಯೆ’ ಎಂದರೆ ನಾನು ನೋಡಿದೆ. ‘ಯಾನ್ ತೂತೆ’ ಎಂದರೆ ನಾನು ನೋಡಿದ್ದೇನೆ. ಕನ್ನಡದಲ್ಲಿಯೂ ‘ಕೊಟ್ಟೆ’, ‘ಕೊಟ್ಟಿದ್ದೇನೆ’ ಎಂಬ ಎರಡು ರೂಪಗಳಿವೆಯಾದರೂ ‘ನಿನ್ನೆಯೇ ಕೊಟ್ಟಿದ್ದೇನೆ’ ಎಂದು ನಾವು ನಿಸ್ಸಂಕೋಚವಾಗಿ ಹೇಳುತ್ತೇವೆ. ಕನ್ನಡಕ್ಕೆ ಅದು ತಪ್ಪಲ್ಲ. ಇಂಗ್ಲಿಷಿಗೆ ಮಾತ್ರ ಅದು ಒಗ್ಗದು. ನಿನ್ನೆ ಎಂಬ ಮಾತು ಬಂದರೆ ‘ಹ್ಯಾವ್’ ಹೊರಗೆ ಹೋಗಲೇಬೇಕು. ತರಗತಿಯೆಲ್ಲ ನಕ್ಕ ಆ ವಾಕ್ಯ ಅಜ್ಞಾನದಿಂದ ಹುಟ್ಟಿದ್ದಲ್ಲ. ಅದು ಇಂಗ್ಲಿಷಿನ ಅಂಗಿ ತೊಟ್ಟ ಒಳ್ಳೆಯ ಕನ್ನಡ ವಾಕ್ಯ!

ಇದನ್ನು ಹಲಗೆಯ ಮೇಲೆ ಬರೆದು ತೋರಿಸಿದಾಗ ಮೂರು ವಾರಗಳಲ್ಲಿ ಮೊದಲ ಬಾರಿಗೆ ಹುಡುಗಿ ನಕ್ಕಳು. “ಹಾಗಾದರೆ ಸರ್, ಇದು ನನಗೆ ಮೊದಲೇ ಗೊತ್ತಿತ್ತು!” ಎಂದಳು.

ಗೊತ್ತಿತ್ತು, ನಿಜ. ಆದರೆ ಅದನ್ನು ತರಗತಿಯ ಹೊರಗೆ ನಿಲ್ಲಿಸಿದವರು ಯಾರು? ಈ ಪ್ರಶ್ನೆಗೆ ಉತ್ತರವಾಗಿ ನಾವು ತಲೆ ತಗ್ಗಿಸಬೇಕಾಗಿದೆ. ತರಬೇತಿ ಮುಗಿಸಿ ವೃತ್ತಿಗೆ ಸೇರಿದ ಮೊದಲ ವರ್ಷಗಳಲ್ಲಿ, ಇಂಗ್ಲಿಷ್ ಪಾಠದ ಹೊತ್ತಿನಲ್ಲಿ ತುಳು ಆಡಿದವರನ್ನು ನಾವು ಬೆಂಚಿನ ಮೇಲೆ ನಿಲ್ಲಿಸಿದ್ದುಂಟು. ಮನೆಮಾತು ಇಂಗ್ಲಿಷನ್ನು ಕೆಡಿಸುತ್ತದೆಂದು ಅಂದು ದೃಢವಾಗಿ ನಂಬಿದ್ದೆವು. ಮೇಲೆ ಹತ್ತಬೇಕಾದ ಮಕ್ಕಳ ಕಾಲ ಕೆಳಗಿನ ಮೆಟ್ಟಿಲನ್ನು ನಮ್ಮ ಕೈಯಾರೆ ಕಿತ್ತಿದ್ದೆವೆಂದು ಈಗ ಅರಿವಾಗುತ್ತಿದೆ.

ಉಪ್ಪಳದ ಪೇಟೆಯಲ್ಲಿ ಒಂದು ಗಳಿಗೆ ನಿಂತರೆ ಎಷ್ಟು ನುಡಿಗಳು ಕಿವಿಗೆ ಬೀಳುತ್ತವೆ! ತುಳು, ಕನ್ನಡ, ಮಲಯಾಳ, ಬ್ಯಾರಿ, ಉರ್ದು, ಕೊಂಕಣಿ, ಮರಾಠಿ. 1956ರ ನವಂಬರ್ 1ರಂದು ನಾವು ಕೇರಳಕ್ಕೆ ಸೇರಿದ ಮೇಲೆ ಇಲ್ಲಿನ ಕನ್ನಡ ಮಕ್ಕಳಿಗೆ ಮಲಯಾಳದ ಬಳಕೆಯೂ ಹೆಚ್ಚಿತು. ಇದನ್ನು ಹೊರೆಯೆಂದೇ ನಾವು ಬಗೆದಿದ್ದೇವೆ. ಆಡಳಿತದ ಕಾಗದಪತ್ರಗಳಲ್ಲಿ, ನೌಕರಿಯ ಪರೀಕ್ಷೆಗಳಲ್ಲಿ ಅದು ಹೊರೆಯೂ ಹೌದು. ಆದರೆ ವ್ಯಾಕರಣ ಕಲಿಯುವವನಿಗೆ ಇಷ್ಟು ನುಡಿಗಳು ಕಿವಿಯಲ್ಲಿರುವುದು ದೊಡ್ಡ ಬಂಡವಾಳ. ಮನೆಮಾತು ತುಳು ಅಥವಾ ಕೊಂಕಣಿ, ಓದು ಕನ್ನಡ, ಬೀದಿಯಲ್ಲಿ ಮಲಯಾಳ, ಜೊತೆಗಾರರೊಡನೆ ಉರ್ದು ಅಥವಾ ಬ್ಯಾರಿ. ಇಂತಹ ಮಗುವಿಗೆ ಇಂಗ್ಲಿಷ್ ಐದನೆಯ ನುಡಿ. ನೆರೆಯ ಮಂಜೇಶ್ವರದ ರಾಷ್ಟ್ರಕವಿ ಗೋವಿಂದ ಪೈಗಳ (1883–1963) ಮನೆಮಾತು ಕೊಂಕಣಿ, ಕಾವ್ಯದ ಮಾತು ಕನ್ನಡ; ಅವರು ಬಲ್ಲ ಭಾಷೆಗಳಂತೂ ಹಲವು. ಒಂದು ನುಡಿ ಇನ್ನೊಂದಕ್ಕೆ ಅಡ್ಡಿಯಾಗಲೇಬೇಕೆಂದಿಲ್ಲ ಎಂಬುದಕ್ಕೆ ನಮ್ಮ ಮಣ್ಣಿನಲ್ಲೇ ಸಾಕ್ಷಿಯಿದೆ.

ಆ ಸಂಜೆಯ ಬಳಿಕ ನಾವೂ ಹುಡುಗಿಯೂ ಕೂಡಿ ಇಂತಹ ಕೀಲಿಕೈಗಳನ್ನು ಹುಡುಕತೊಡಗಿದೆವು. ಸಿಕ್ಕಿದವುಗಳಲ್ಲಿ ಕೆಲವನ್ನು ವಾಚಕರ ಮುಂದಿಡುತ್ತೇವೆ.

ಮೊದಲನೆಯದು ‘ನನಗೆ’ ಎಂಬುದು. ಹುಡುಗಿ ‘ಐ ಆಮ್ ನೋಯಿಂಗ್’, ‘ಐ ಆಮ್ ವಾಂಟಿಂಗ್’ ಎಂದು ಬರೆಯುತ್ತಿದ್ದಳು. ಇಂತಹ ಕ್ರಿಯಾಪದಗಳಿಗೆ ‘ಇಂಗ್’ ಹತ್ತುವುದಿಲ್ಲವೆಂದು ಪುಸ್ತಕಗಳು ಉದ್ದನೆಯ ಪಟ್ಟಿ ಕೊಡುತ್ತವೆ. ಅದನ್ನು ಬಾಯಿಪಾಠ ಮಾಡುವುದು ಕಷ್ಟ. ಕನ್ನಡದಲ್ಲಿ ಯೋಚಿಸಿ ನೋಡಿ: ನನಗೆ ಗೊತ್ತು, ನನಗೆ ಬೇಕು, ನನಗೆ ಇಷ್ಟ, ನನಗೆ ನೆನಪಿದೆ, ನನಗೆ ಅರ್ಥವಾಗುತ್ತದೆ. ಎಲ್ಲೆಡೆಯೂ ಚತುರ್ಥೀ ವಿಭಕ್ತಿ. ನಾವು ಮಾಡುವ ಕೆಲಸಗಳಿಗೆ ‘ನಾನು’. ನಮಗೆ ಒದಗಿಬರುವ ಸ್ಥಿತಿಗಳಿಗೆ ‘ನನಗೆ’. ಕನ್ನಡ ‘ನನಗೆ’ ಎನ್ನುವ ಇಂತಹ ಕಡೆಗಳಲ್ಲಿ ಇಂಗ್ಲಿಷ್ ‘ಐ’ ಎಂದೇ ಆರಂಭಿಸಿದರೂ ಬಹುಮಟ್ಟಿಗೆ ‘ಇಂಗ್’ನ್ನು ದೂರವಿಡುತ್ತದೆ: ‘ಐ ನೋ’, ‘ಐ ವಾಂಟ್’, ‘ಐ ಲೈಕ್’, ‘ಐ ರಿಮೆಂಬರ್’, ‘ಐ ಅಂಡರ್‌ಸ್ಟಾಂಡ್’. ‘ನನಗೆ ಇಬ್ಬರು ತಮ್ಮಂದಿರು’ ಎಂಬುದೂ ಈ ಗುಂಪಿನದೇ: ‘ಐ ಹ್ಯಾವ್ ಟು ಬ್ರದರ್ಸ್’.

ಎರಡನೆಯದು ದ್ವಿತೀಯಾ ವಿಭಕ್ತಿಯ ‘ಅನ್ನು’. ನಮ್ಮಲ್ಲಿ ‘ಅ’, ‘ದ’ ಎಂಬ ಉಪಪದಗಳಿಲ್ಲ, ಆದುದರಿಂದ ಅವು ನಮಗೆ ಎಂದಿಗೂ ದಕ್ಕಲಾರವು ಎಂಬ ಮಾತುಂಟು. ‘ಪೇಟೆಯಿಂದ ಪುಸ್ತಕ ತಂದೆ’ ಎನ್ನುವುದಕ್ಕೂ ‘ಪೇಟೆಯಿಂದ ಪುಸ್ತಕವನ್ನು ತಂದೆ’ ಎನ್ನುವುದಕ್ಕೂ ವ್ಯತ್ಯಾಸವಿಲ್ಲವೇ? ಮೊದಲನೆಯದು ಯಾವುದೋ ಒಂದು ಪುಸ್ತಕ. ಎರಡನೆಯದು ಸಾಮಾನ್ಯವಾಗಿ ನಿಮಗೂ ನನಗೂ ಗೊತ್ತಿರುವ ಆ ಪುಸ್ತಕ. ‘ಅ ಬುಕ್’, ‘ದ ಬುಕ್’ ಎಂಬುದರ ತಿರುಳು ಇಷ್ಟೇ. ಇದು ನಿರ್ಜೀವ ವಸ್ತು ಕರ್ಮವಾಗಿರುವ ವಾಕ್ಯಗಳಿಗೆ ಒಪ್ಪುವ ಮಾತು; ಎಲ್ಲೆಡೆಯೂ ಹೊಂದದು. ಆದರೂ ‘ಕೇಳುವವನಿಗೆ ಇದು ಮೊದಲೇ ಗೊತ್ತಿದೆಯೋ’ ಎಂದು ತನ್ನನ್ನು ತಾನೇ ಪ್ರಶ್ನಿಸಿಕೊಳ್ಳುವ ಅಭ್ಯಾಸವನ್ನು ಅದು ಹುಟ್ಟಿಸುತ್ತದೆ.

ಮೂರನೆಯದು ‘ಓ’ಕಾರ. ‘ವೇರ್ ಇಸ್ ದ ಬುಕ್?’ ಎಂದು ಪ್ರಶ್ನೆಯಲ್ಲಿ ಪದಗಳ ಸ್ಥಾನ ಬದಲಿಸಲು ಕಲಿತ ಮಕ್ಕಳು ಬಳಿಕ ‘ಐ ಡೋಂಟ್ ನೋ ವೇರ್ ಇಸ್ ದ ಬುಕ್’ ಎಂದೂ ಬರೆಯುತ್ತಾರೆ. ಬಲ್ಲವರೂ ಇಲ್ಲಿ ಜಾರುವುದುಂಟು. ‘ಪುಸ್ತಕ ಎಲ್ಲಿದೆ?’ ಎಂಬುದು ಪ್ರಶ್ನೆ. ‘ಪುಸ್ತಕ ಎಲ್ಲಿದೆಯೋ ಗೊತ್ತಿಲ್ಲ’ ಎಂಬಲ್ಲಿ ‘ಓ’ ಬಂದು ಪ್ರಶ್ನೆಯ ಮೊನೆ ಮುರಿಯಿತು. ಕನ್ನಡದಲ್ಲಿ ‘ಓ’ ಬಂದರೆ ಇಂಗ್ಲಿಷಿನಲ್ಲಿ ಪದಗಳು ಸಾಮಾನ್ಯ ವಾಕ್ಯದ ಸ್ಥಾನಕ್ಕೆ ಮರಳುತ್ತವೆ: ‘ಐ ಡೋಂಟ್ ನೋ ವೇರ್ ದ ಬುಕ್ ಇಸ್’.

ನಾಲ್ಕನೆಯದಕ್ಕೆ ಮಲಯಾಳದ ನೆರವು. ಕನ್ನಡದಲ್ಲಿ ಬಂದನು, ಬಂದಳು, ಬಂದಿತು, ಬಂದರು ಎಂದು ಕರ್ತೃವಿಗೆ ತಕ್ಕಂತೆ ಕ್ರಿಯಾಪದ ಬದಲಾಗುತ್ತದೆ, ತುಳುವಿನಲ್ಲಿಯೂ ಹಾಗೆಯೇ. ಮಲಯಾಳದಲ್ಲಿ ಯಾರು ಬಂದರೂ ‘ವನ್ನು’. ಇಂಗ್ಲಿಷ್ ಇವೆರಡರ ನಡುವೆ ನಿಂತಿದೆ. ಭೂತಕಾಲದಲ್ಲಿ ಮಲಯಾಳದಂತೆ ಎಲ್ಲರಿಗೂ ‘ಕೇಮ್’; ವರ್ತಮಾನದಲ್ಲಿ ಪ್ರಥಮಪುರುಷ ಏಕವಚನಕ್ಕೆ ಮಾತ್ರ ಕನ್ನಡದಂತೆ ಒಂದು ಗುರುತು, ‘ಕಮ್ಸ್’. ಪ್ರತಿ ಮಾತಿನಲ್ಲಿಯೂ ಲಿಂಗ ವಚನಗಳನ್ನು ತಪ್ಪದೆ ಹೊಂದಿಸುವ ಮಗುವಿಗೆ ಒಂದು ‘ಎಸ್’ ಅಕ್ಷರ ಎಷ್ಟರ ಭಾರ?

ಎಲ್ಲ ಬಾಗಿಲುಗಳಿಗೂ ನಮ್ಮಲ್ಲಿ ಕೀಲಿಕೈ ಇಲ್ಲ. ಐದು ಗಂಟೆಗೆ ‘ಅಟ್’, ಭಾನುವಾರಕ್ಕೆ ‘ಆನ್’, ಜೂನ್ ತಿಂಗಳಿಗೆ ‘ಇನ್’ ಏಕೆ ಎಂಬುದಕ್ಕೆ ನಮ್ಮ ವಿಭಕ್ತಿಗಳು ಉತ್ತರ ಹೇಳವು. ‘ಅದರ ಬಗ್ಗೆ ಚರ್ಚಿಸಿದೆವು’ ಎಂಬುದನ್ನು ನಂಬಿ ‘ಡಿಸ್ಕಸ್ಡ್ ಅಬೌಟ್’ ಎಂದು ಬರೆದರೆ ತಪ್ಪಾಗುತ್ತದೆ. ಅಲ್ಲಿ ‘ಅಬೌಟ್’ ಬೇಡ. ಇಂತಹವುಗಳನ್ನು ಒಂಟಿ ಪದವಾಗಿ ಕಲಿಯದೆ, ಇಡೀ ವಾಕ್ಯವಾಗಿ ನಾಲಗೆಗೆ ಹತ್ತಿಸಿಕೊಳ್ಳುವುದೊಂದೇ ದಾರಿ.

ಮನೆಮಾತಿನ ಮೂಲಕ ಇಂಗ್ಲಿಷ್ ಕಲಿಯುವುದು ಹಳೆಯ ಕಾಲದ ಪದ್ಧತಿಯೆಂದು ಯಾರಾದರೂ ಹೇಳಿಯಾರು. ನಮ್ಮ ಭಾಷೆಗಳನ್ನು ಕಲಿಯಲು ಬಂದವರು ಏನು ಮಾಡಿದರೆಂಬುದನ್ನು ನೋಡೋಣ. ಬಾಸೆಲ್ ಮಿಶನ್ನಿನ ಬ್ರಿಗೆಲ್ ಅವರು ಇಂಗ್ಲಿಷಿನಲ್ಲಿ ಬರೆದ ತುಳು ವ್ಯಾಕರಣ 1872ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. 1853ರಲ್ಲಿ ಭಾರತಕ್ಕೆ ಬಂದ ಕಿಟ್ಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿಯೂ, ಕನ್ನಡ ವ್ಯಾಕರಣ 1903ರಲ್ಲಿಯೂ ಹೊರಬಂದವು. ತಮಗೆ ತಿಳಿದ ನುಡಿಯನ್ನು ಅಳತೆಗೋಲಾಗಿ ಹಿಡಿದೇ ಅವರು ನಮ್ಮ ನುಡಿಯನ್ನು ಅಳೆದರು. 1604ರಲ್ಲಿ ಭಟ್ಟಾಕಳಂಕನು ಕನ್ನಡದ ವ್ಯಾಕರಣವನ್ನು ಸಂಸ್ಕೃತದಲ್ಲಿಯೇ ರಚಿಸಿದನು. ಅವರು ಕಟ್ಟಿದ ಸೇತುವೆಯ ಮೇಲೆ ನಮ್ಮ ಮಕ್ಕಳು ಈ ದಡದಿಂದ ನಡೆಯಬಾರದೇಕೆ?

ಇನ್ನು ಅಭ್ಯಾಸದ ಕ್ರಮ. ಹುಡುಗಿಯ ಕೈಯಲ್ಲಿ ಒಂದು ಇನ್ನೂರು ಪುಟದ ನೋಟು ಪುಸ್ತಕ ಇರಿಸಿ, ಪುಟಕ್ಕೆ ಮೂರು ಕಲಮುಗಳನ್ನು ಎಳೆಸಿದೆವು. ಮೊದಲನೆಯದರಲ್ಲಿ ತಾನು ಆಡಿದ ಅಥವಾ ಬರೆದ ತಪ್ಪು ವಾಕ್ಯ. ಎರಡನೆಯದರಲ್ಲಿ ಸರಿಯಾದ ರೂಪ. ಮೂರನೆಯದರಲ್ಲಿ ಆ ತಪ್ಪು ಹುಟ್ಟಿದ ಮನೆಯ ಮಾತು. ಈ ಮೂರನೆಯ ಕಲಮು ಬಹು ಮುಖ್ಯ. ತಪ್ಪಿನ ಹುಟ್ಟು ತಿಳಿದರೆ ನಾಚಿಕೆ ಕಡಿಮೆಯಾಗುತ್ತದೆ, ಮರುಕಳಿಕೆಯೂ ಕಡಿಮೆಯಾಗುತ್ತದೆ. ದಿನಕ್ಕೆ ಐದು ವಾಕ್ಯ ಸಾಕು, ಆದರೆ ಅವು ತನ್ನ ದಿನದ ಸಂಗತಿಗಳಾಗಿರಬೇಕು. ಮೊದಲು ಗಟ್ಟಿಯಾಗಿ ಹೇಳಿ ಬಳಿಕ ಬರೆಯಬೇಕು. ವಾರಕ್ಕೆ ಒಂದೇ ಬಗೆಯ ತಪ್ಪನ್ನು ತಿದ್ದುವುದು; ಉಳಿದವು ಕಾಯಲಿ. ಇಂದು ತಿದ್ದಿದ್ದನ್ನು ನಾಳೆ ಒಮ್ಮೆ, ವಾರ ಕಳೆದು ಇನ್ನೊಮ್ಮೆ ಪುಸ್ತಕ ಮುಚ್ಚಿ ಹೇಳಿಸುವುದು. ಪುಸ್ತಕಗಳಿಗೆ ಕೊರತೆಯಿಲ್ಲ. ನಮ್ಮ ತಲೆಮಾರಿಗೆ ರೆನ್ ಮತ್ತು ಮಾರ್ಟಿನ್ ಇದ್ದಂತೆ, 1985ರಲ್ಲಿ ಮೊದಲು ಪ್ರಕಟವಾದ ರೇಮಂಡ್ ಮರ್ಫಿಯವರ ಪುಸ್ತಕ ಇಂತಹ ಮಧ್ಯಮ ಹಂತದವರಿಗಾಗಿಯೇ ರಚಿತವಾದದ್ದು. ಎಡಪುಟದಲ್ಲಿ ವಿವರಣೆ, ಬಲಪುಟದಲ್ಲಿ ಅಭ್ಯಾಸ. ಆದರೆ ಬಲಪುಟ ತುಂಬಿದೊಡನೆ ಪಾಠ ಮುಗಿಯಿತೆಂದು ತಿಳಿಯಬಾರದು. ಅದೇ ರೂಪದಲ್ಲಿ ತನ್ನ ಮನೆಯ ವಿಷಯವಾಗಿ ಮೂರು ವಾಕ್ಯ ಹೇಳಿದಾಗಲೇ ಅದು ತನ್ನದಾಗುವುದು. ಮೊಬೈಲು ಈಗ ತಾನಾಗಿಯೇ ತಪ್ಪನ್ನು ತಿದ್ದಿಕೊಡುತ್ತದೆ. ಸ್ವತಃ ಒಮ್ಮೆ ತಿದ್ದಿ ನೋಡಿದ ಬಳಿಕ ಅದನ್ನು ಕೇಳಿದರೆ ಅದು ಗುರು. ಮೊದಲೇ ಕೇಳಿದರೆ ಬರಿಯ ಊರುಗೋಲು.

ಈ ಅಭ್ಯಾಸಕ್ಕೆ ನಮಗಿಂತ ಉತ್ತಮ ಅಧ್ಯಾಪಕಿ ಸಿಕ್ಕಿದ್ದು ಆ ಮನೆಯಲ್ಲೇ. ಇಂಗ್ಲಿಷಿನ ಒಂದಕ್ಷರ ಅರಿಯದ ಆ ತಾಯಿಗೆ ನಾವು ಒಂದು ಕೆಲಸ ಒಪ್ಪಿಸಿದೆವು. ಸಂಜೆ ಬೀಡಿಯ ಎಲೆ ಕತ್ತರಿಸುತ್ತ ಕುಳಿತಾಗ ಮಗಳು ಇಂಗ್ಲಿಷಿನಲ್ಲಿ ಒಂದು ಸುದ್ದಿ ಹೇಳಬೇಕು. ತಾಯಿ ಅದು ಅರ್ಥವಾಗದಿದ್ದರೂ ತುಳುವಿನಲ್ಲಿ ಒಂದೊಂದೇ ಪದದ ಪ್ರಶ್ನೆ ಹಾಕಬೇಕು: ಏರ್? ಓಲು? ಏಪ? ದಾಯೆಗ್? ಎಂಚ? ಮಗಳು ಆ ಪದವನ್ನು ಇಂಗ್ಲಿಷಿನ ಪೂರ್ಣ ಪ್ರಶ್ನೆಯನ್ನಾಗಿ ಮಾಡಿ, ಬಳಿಕ ಪೂರ್ಣ ವಾಕ್ಯದಲ್ಲಿ ಉತ್ತರಿಸಬೇಕು. ‘ಐ ಹ್ಯಾವ್ ಫಿನಿಶ್ಡ್ ದ ರೆಕಾರ್ಡ್’ ಎಂದಳು ಮಗಳು. ‘ಏಪ?’ ಎಂದರು ತಾಯಿ. ‘ವೆನ್ ಡಿಡ್ ಐ ಫಿನಿಶ್ ಇಟ್? ಐ ಫಿನಿಶ್ಡ್ ಇಟ್ ಯೆಸ್ಟರ್‌ಡೇ.’ ಆ ಒಂದು ‘ಏಪ’ಕ್ಕೆ ‘ಹ್ಯಾವ್’ ಜಾಗ ಖಾಲಿ ಮಾಡುವುದನ್ನು ನೀವೂ ಗಮನಿಸಿರಬಹುದು. ಅಕ್ಕನ ಪಕ್ಕದಲ್ಲಿ ಕುಳಿತ ತಮ್ಮನೂ ಈ ಆಟಕ್ಕೆ ಸೇರಿಕೊಂಡಿದ್ದಾನೆಂದು ಕೇಳಿದ್ದೇವೆ.

ನಾಲ್ಕು ತಿಂಗಳ ಬಳಿಕ ಒಂದು ಸಂಜೆ ಹುಡುಗಿ ಅಂಗಳದಲ್ಲೇ ನಿಂತು ಹೇಳಿದಳು: “ಸರ್, ಇವತ್ತು ತರಗತಿಯಲ್ಲಿ ಎದ್ದು ಸಂಶಯ ಕೇಳಿದೆ. ಒಂದು ತಪ್ಪು ಬಂತು. ಯಾರೋ ನಕ್ಕರು.”

“ಮತ್ತೆ?” ಎಂದು ನಾವು ಅಳುಕುತ್ತಲೇ ಕೇಳಿದೆವು.

“ಮತ್ತೆ ಎಂತ? ಕೇಳಿ ಮುಗಿಸಿದೆ. ಸರ್ ಉತ್ತರ ಹೇಳಿದರು. ತಪ್ಪನ್ನು ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ” ಎಂದು ನೋಟು ಪುಸ್ತಕ ಬಿಡಿಸಿ ತೋರಿಸಿದಳು. ಮೂರು ಕಲಮುಗಳೂ ತುಂಬಿದ್ದವು.

ತಮ್ಮನ ವಿಷಯ ಏನಾಯಿತೆಂದು ವಾಚಕರು ಕೇಳಬಹುದು. ಅದು ಇನ್ನೂ ತೀರ್ಮಾನವಾಗಿಲ್ಲ. “ಜೂನಿಗೆ ನೋಡುವ ಮಾಷ್ಟ್ರೇ” ಎಂದಿದ್ದಾರೆ ತಾಯಿ, ನಾವು ಒತ್ತಾಯಿಸಿಲ್ಲ. ಮಗುವಿನ ಭವಿಷ್ಯವನ್ನು ನಿರ್ಧರಿಸುವ ಹಕ್ಕು ಹೆತ್ತವರದು. ಯಾವ ಮಾಧ್ಯಮದ ಶಾಲೆಗೆ ಕಳುಹಿಸಿದರೂ ಸರಿ, ಹೆತ್ತವರಲ್ಲಿ ನಮ್ಮದು ಒಂದೇ ಬಿನ್ನಹ: ಇಂಗ್ಲಿಷ್ ಬರಲೆಂದು ಮನೆಮಾತನ್ನು ಮನೆಯಿಂದ ಹೊರಗಟ್ಟಬೇಡಿ. ಇಂದು ಸಂಜೆ ದೀಪ ಹಚ್ಚಿದ ಮೇಲೆ ಹತ್ತು ನಿಮಿಷ ಮಕ್ಕಳ ಬಳಿ ಕುಳಿತು, ಅವರು ಇಂಗ್ಲಿಷಿನಲ್ಲಿ ಹೇಳುವ ಒಂದು ಸುದ್ದಿಗೆ ನಿಮ್ಮ ಮಾತಿನಲ್ಲಿ ‘ಯಾವಾಗ?’ ಎಂದು ಕೇಳಿ ನೋಡಿ. ಉಳಿದ ಕೆಲಸ ಮಗುವಿನದು.